ಗಿಡ ನಮ್ಮ ಕೈಯದ್ದು, ದರ ಯಾರ ಕೈಯದ್ದು?



ನಮ್ಮ ಕಲ್ಯಾಣಪುರ, ಸಂತೆಕಟ್ಟೆ, ಮಣಿಪಾಲದ ಕಡೆ ಹೊಸ ಮನೆ ಕಟ್ಟಿಸಿದವರು ಅಂಗಳದಲ್ಲಿ ಕೈತೋಟವನ್ನೂ ಮಾಡಿಸುತ್ತಾರೆ. ಗುತ್ತಿಗೆದಾರರು ಬಂದು ನಕ್ಷೆ ಹಾಕುತ್ತಾರೆ, ಗಿಡ ತರಿಸುತ್ತಾರೆ. ಹೊಂಡ ತೆಗೆಯಲಿಕ್ಕೆ, ನೀರು ಬಿಡಲಿಕ್ಕೆ ನಮ್ಮ ಹೆಂಗಸರನ್ನು ದಿನಗೂಲಿಗೆ ಕರೆಯುತ್ತಾರೆ. ಗಿಡ ಬದುಕುವುದು ಯಾರ ಕೈಗುಣದಿಂದ? ಹಣ ಹೋಗುವುದು ಯಾರ ಕೈಗೆ? ಈ ಸಲದ ಪಾಠದಲ್ಲಿ ಅದನ್ನೇ ನೋಡುವ.

ತೋಟ ಮಾಡುವ ವಿದ್ಯೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬರುವಂಥದ್ದು. ಬೆಂಗಳೂರಿನ ಲಾಲ್‌ಬಾಗ್ ನಮ್ಮಲ್ಲಿ ಕೆಲವರು ನೋಡಿರಬಹುದು. ಅದನ್ನು ಬೆಳೆಸಿದವರಲ್ಲಿ ಒಬ್ಬರು ಜರ್ಮನಿಯ ಗುಸ್ತಾವ್ ಕ್ರುಂಬಿಗಲ್. ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಕಲಿತು, 1893ರಲ್ಲಿ ಬರೋಡಾ ಮಹಾರಾಜರ ತೋಟಕ್ಕೆ ಬಂದು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಸೇರಿದರು. ಬೆಂಗಳೂರಿನ ರಸ್ತೆಗಳಲ್ಲಿ ಅವರು ಮರ ನೆಡಿಸಿದ ಕ್ರಮ ಏನೆಂದರೆ, ಒಂದು ಜಾತಿ ಮರದ ಹೂ ಮುಗಿಯುವಾಗ ಇನ್ನೊಂದು ಜಾತಿ ಅರಳಬೇಕು. ವರ್ಷವಿಡೀ ಎಲ್ಲಾದರೂ ಹೂ ಇರಬೇಕು. ಅವರ ಕೈಕೆಳಗೆ ಪಳಗಿದ ಎಚ್.ಸಿ. ಜವರಾಯರು 1932ರಲ್ಲಿ ಅವರ ನಂತರ ಹೊಣೆ ಹೊತ್ತರು. ಅದೇ ಸಾಲಿನಲ್ಲಿ ಮುಂದೆ ಬಂದವರು ಡಾ. ಎಂ.ಎಚ್. ಮರಿಗೌಡರು. ಬೆಳೆದರೆ ಸಾಲದು, ಮಾರುವ ದಾರಿಯೂ ಬೆಳೆದವರ ಕೈಯಲ್ಲೇ ಇರಬೇಕು ಎಂದು ಅವರು ಕಂಡುಕೊಂಡಿದ್ದರು. 1959ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಬೆಳೆಗಾರರ ಸಹಕಾರ ಸಂಘವೇ ಇಂದಿನ ಹಾಪ್‌ಕಾಮ್ಸ್.

ಬೆಂಗಳೂರಿನ ಮಾತು ನಮಗೆ ಯಾಕೆ ಅನ್ನುತ್ತೀರಾ? ಹಾಗಾದರೆ ಕಾಪು ಕಡೆಯ ಶಂಕರಪುರ ನೋಡಿ. ಅಲ್ಲಿ ಹತ್ತಿಪ್ಪತ್ತು ಸೆಂಟ್ಸ್ ಜಾಗದಲ್ಲಿ ಮನೆಮಂದಿಯೆಲ್ಲ ಸೇರಿ ಮಲ್ಲಿಗೆ ಬೆಳೆಯುತ್ತಾರೆ. ಬೆಳಿಗ್ಗೆ ಬೇಗ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಗಿಡ ಸವರುವುದು, ಬುಡಕ್ಕೆ ಹಿಂಡಿ ಗೊಬ್ಬರ ಹಾಕುವುದು, ಎಲ್ಲ ಅಮ್ಮನಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದ ಪಾಠ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಇವತ್ತಿನ ಅಟ್ಟೆಯ ದರ ಎಷ್ಟೆಂದು ಮನೆಯ ಹೆಂಗಸಿಗೆ ಗೊತ್ತಿರುತ್ತದೆ. ಹಾಗಾಗಿ ಅವಳ ಕೆಲಸಕ್ಕೆ ಲೆಕ್ಕವಿದೆ. ಕೈತೋಟದ ಕೆಲಸಕ್ಕೆ ಇಂಥ ಅಳತೆ ಇಲ್ಲ. "ಗಿಡಕ್ಕೆ ನೀರು ಹಾಕೋದೂ ಒಂದು ಕೆಲಸವಾ?" ಅಂತ ಕೇಳುವವರೇ ಜಾಸ್ತಿ. ಆದ್ದರಿಂದ ಆ ಅಳತೆಯನ್ನು ನಾವೇ ಮಾಡಿಕೊಳ್ಳಬೇಕು.

ನಾಲ್ಕೈದು ಸದಸ್ಯೆಯರು, ಬೇಕಿದ್ದರೆ ಮನೆಯ ಗಂಡಸರೂ ಸೇರಿ ಈ ಕೆಲಸ ಹಿಡಿಯಬಹುದು. ಮೊದಲು ಜಾಗ ನೋಡಿ. ಜೂನ್‌ನಲ್ಲಿ ಮಾಡಿನ ನೀರು ಎಲ್ಲಿ ಬಿದ್ದು ಎಲ್ಲಿಗೆ ಹರಿಯುತ್ತದೆ? ಮಧ್ಯಾಹ್ನದ ಬಿಸಿಲು ಎಲ್ಲಿ? ನಮ್ಮದು ಸ್ವರ್ಣಾ ನದಿಯ ಬದಿ, ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುವ ಮನೆಗಳಿವೆ. ಇದನ್ನು ಕೇಳದೆ ಗಿಡ ಆರಿಸಬೇಡಿ. ಮುರಕಲ್ಲಿನ ನೆಲವಾದರೆ ಹೊಂಡ ದೊಡ್ಡದು ಬೇಕು, ಮೇಲ್ಮಣ್ಣು, ಹಟ್ಟಿಗೊಬ್ಬರ ತುಂಬಿಸಬೇಕು. ಆ ಖರ್ಚು ಮೊದಲೇ ಹೇಳಿ. ದಾಸವಾಳ, ಕೇಪುಳ, ನಂದಬಟ್ಟಲು, ಪಾರಿಜಾತ, ಅಬ್ಬಲಿಗೆ ನಮ್ಮ ಮಳೆ ಬಿಸಿಲು ಎರಡನ್ನೂ ಕಂಡ ಗಿಡಗಳು. ಯಾವುದು ಯಾವಾಗ ಹೂ ಬಿಡುತ್ತದೆಂದು ನಿಮಗೇ ಗೊತ್ತು, ಕ್ರುಂಬಿಗಲ್‌ರ ಕ್ರಮವನ್ನು ಹತ್ತು ಸೆಂಟ್ಸಿನಲ್ಲೂ ಮಾಡಬಹುದು. ಹುಲ್ಲುಹಾಸು ಕೇಳುವವರಿಗೆ ಮಾತ್ರ ಎಪ್ರಿಲ್-ಮೇ ತಿಂಗಳ ನೀರಿನ ಮಾತು ಸರಿಯಾಗಿ ತಿಳಿಸಿ. ಒಣಗಿದರೆ ದೂರು ಬರುವುದು ನಮ್ಮ ಮೇಲೆ.

ಇನ್ನು ದರ. ಗಿಡದ ಬೆಲೆ, ಟೆಂಪೋ ಬಾಡಿಗೆ, ಮಣ್ಣು, ಗೊಬ್ಬರ ಎಲ್ಲರೂ ಬರೆಯುತ್ತಾರೆ. ನಮ್ಮ ಹೆಂಗಸರು ಬರೆಯದೆ ಬಿಡುವುದು ಎರಡು: ಜಾಗ ನೋಡಲು ಹೋದ ದಿನದ ಕೂಲಿ, ಮತ್ತೆ ಸತ್ತ ಗಿಡದ ಖರ್ಚು. ನೂರು ಗಿಡ ನೆಟ್ಟಲ್ಲಿ ಹತ್ತು ಸಾಯಬಹುದೆಂದು ಇಟ್ಟುಕೊಳ್ಳಿ. ಗಿಡಕ್ಕೆ 50 ರೂಪಾಯಿಯಾದರೆ 500 ರೂಪಾಯಿ ನಮ್ಮ ಕೈಯಿಂದ ಹೋಯಿತು, ಪುನಃ ನೆಡುವ ಕೂಲಿ ಬೇರೆ. ಇದು ಮೊದಲೇ ದರದಲ್ಲಿ ಸೇರಬೇಕು. ನೆಟ್ಟ ಮೇಲೆ ತಿಂಗಳ ಆರೈಕೆಗೆ ಬೇರೆ ಒಪ್ಪಂದ ಮಾಡಿ, ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ನೆಡುವ ಹಣ ಒಂದು ಸಲ ಬರುತ್ತದೆ, ಆರೈಕೆಯ ಹಣ ಪ್ರತಿ ತಿಂಗಳು. ಸಂಘದ ಸಾಲದ ಕಂತು ಕಟ್ಟಲು ಆಗುವುದು ಈ ಎರಡನೆಯದರಿಂದಲೇ.

ಕಲಿಸುವವರು ಹತ್ತಿರವೇ ಇದ್ದಾರೆ. ಕಸಿ ಕಟ್ಟುವುದು, ರೋಗ, ಮಣ್ಣು ಪರೀಕ್ಷೆಯ ವಿಚಾರ ಕೇಳಲು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರವಿದೆ. ಸ್ವಂತ ಉದ್ಯೋಗ, ಲೆಕ್ಕಪತ್ರಕ್ಕೆ ಅಲ್ಲೇ ರುಡ್‌ಸೆಟ್ ಸಂಸ್ಥೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ಈ ಸಂಸ್ಥೆಯ ತರಬೇತಿ ಉಚಿತ. ಹೋಗುವಾಗ ಒಬ್ಬರೇ ಹೋಗಬೇಡಿ, ಇಬ್ಬರು ಹೋಗಿ. ಒಬ್ಬರು ಮರೆತದ್ದು ಇನ್ನೊಬ್ಬರಿಗೆ ನೆನಪಿರುತ್ತದೆ.

ಮುಂದಿನ ಸಭೆಯಲ್ಲಿ ಮಾತಾಡಲು: ನಮ್ಮ ಸಂಘದಲ್ಲಿ ಗಿಡದ ಕೈಗುಣ ಇರುವವರು ಯಾರು, ಅವರಿಗೆ ಕಲಿಸಿದವರು ಯಾರು? ಆ ಹಿರಿಯರನ್ನು ಒಂದು ದಿನ ಸಭೆಗೆ ಕರೆಯಬಹುದಾ? ನಮ್ಮ ವಾರ್ಡಿನಲ್ಲಿ ಈ ವರ್ಷ ಎಷ್ಟು ಹೊಸ ಮನೆ ಎದ್ದಿವೆ, ಅವರ ಅಂಗಳದ ಕೆಲಸ ಯಾರು ಮಾಡಿದರು, ಎಷ್ಟು ಪಡೆದರು?