ಎರಡನೆಯ ತಿರುಳಿನ ಮಿತವ್ಯಯ

ಗಣಕಯಂತ್ರದ ಸಕಲ ವ್ಯವಹಾರವನ್ನು ನಿಯಂತ್ರಿಸುವ ಮೂಲ ತಂತ್ರಾಂಶವೇ ಕರ್ನಲ್. ಕನ್ನಡದಲ್ಲಿ ಅದನ್ನು ತಿರುಳು ಎನ್ನೋಣ. ಮರಾಠಿಯ ‘ಗಾಭಾ’ ಶಬ್ದಕ್ಕೂ ಅದೇ ಅರ್ಥ. ಲಿನಕ್ಸ್‌ನಲ್ಲಿ ಈ ತಿರುಳು ಕುಸಿದಾಗ, ಮೊದಲೇ ಕಾದಿರಿಸಿದ ಮೆಮೊರಿಯಲ್ಲಿ ಎರಡನೆಯ ತಿರುಳೊಂದು ಎಚ್ಚರಗೊಳ್ಳುತ್ತದೆ. ಈ ಏರ್ಪಾಡಿಗೆ ಕೆಡಂಪ್ ಎಂದು ಹೆಸರು. ಕುಸಿದ ತಿರುಳಿನ ಮೆಮೊರಿಯ ಪ್ರತಿಯನ್ನು ಉಳಿಸುವುದು, ಬೇಕಾದಲ್ಲಿ ಜಾಲದ ಮೂಲಕ ಬೇರೊಂದು ಯಂತ್ರಕ್ಕೆ ಕಳುಹಿಸುವುದು ಅದರ ಕರ್ತವ್ಯ.

ಆದರೆ ಕಾದಿರಿಸಿದ ಮೆಮೊರಿ ಅಲ್ಪ, 256 ಎಂ.ಬಿ. ಎಂದಿಟ್ಟುಕೊಳ್ಳಿ. ನೆಟ್‌ವರ್ಕ್ ಡ್ರೈವರ್ ಅಲ್ಲಿಯೂ ಎಂದಿನ ದೊಡ್ಡ ಸಂಸಾರವನ್ನೇ ಹೂಡಿದರೆ? 64 ಸರತಿಗಳು, ಸರತಿಗೆ 1,024 ಬಫರುಗಳು, ಬಫರಿಗೆ 2 ಕೆ.ಬಿ.: ಒಟ್ಟು 128 ಎಂ.ಬಿ. ಅರ್ಧ ಭಾಗ ಅಲ್ಲಿಗೇ ಮುಗಿಯಿತು. ಮೆಮೊರಿ ಸಾಲದೆ ಎರಡನೆಯ ತಿರುಳೂ ಕುಸಿದರೆ, ಮೊದಲ ಕುಸಿತದ ಕಾರಣವನ್ನು ನುಡಿಯಬಲ್ಲ ಸಾಕ್ಷ್ಯವೇ ಅಳಿಯುತ್ತದೆ.

ಪರಿಹಾರ ಸರಳ. ತಾನು ಕೆಡಂಪ್ ತಿರುಳಿನಲ್ಲಿರುವೆನೇ ಎಂಬುದನ್ನು ಡ್ರೈವರ್ ಆರಂಭದಲ್ಲಿಯೇ ಪರೀಕ್ಷಿಸಬೇಕು. ಹೌದಾದರೆ ಒಂದೇ ಸರತಿ, 64 ಬಫರುಗಳಷ್ಟನ್ನೇ ತೆರೆಯಬೇಕು. ಆಗ ವ್ಯಯ ಕೇವಲ 128 ಕೆ.ಬಿ. ವೇಗ ಕುಂದೀತು, ಸಾಕ್ಷ್ಯ ಉಳಿದೀತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಕನ್ನಡದಲ್ಲಿಯೂ ಉಂಟು, ಮರಾಠಿಯಲ್ಲಿಯೂ ಉಂಟು; ಡ್ರೈವರ್ ಬರೆಯುವವರಿಗೂ ಅದು ಸಲ್ಲುತ್ತದೆ.