ಭಾನುವಾರದ ಮನೆ

2018ನೆಯ ಇಸವಿಯ ನವೆಂಬರ್ ತಿಂಗಳಿನಲ್ಲಿ ನಾನು ಹಾಂಗ್‌ಕಾಂಗ್ ನಗರದಲ್ಲಿದ್ದ ನನ್ನ ಮಗಳ ಮನೆಗೆ ಹೋಗಿದ್ದೆ. ವೀಸಾ ಇಲ್ಲದೆ ಹೋದ ಭಾರತೀಯ ಪ್ರವಾಸಿಗೆ ಅಲ್ಲಿ ಉಳಿಯಲು ದೊರೆಯುವ ಅವಧಿ ಹದಿನಾಲ್ಕು ದಿನ. ಆ ಹದಿನಾಲ್ಕು ದಿನಗಳಲ್ಲಿ ಎರಡು ಭಾನುವಾರಗಳು ಬಂದವು. ಉಳಿದ ಹನ್ನೆರಡು ದಿನಗಳಲ್ಲಿ ಕಂಡ ಗಗನಚುಂಬಿ ಸೌಧಗಳೂ ಹಡಗುಗಳೂ ನನ್ನ ನೆನಪಿನಲ್ಲಿ ಈಗಾಗಲೇ ಮಸುಕಾಗಿವೆ. ಆ ಎರಡು ಭಾನುವಾರಗಳು ಮಾತ್ರ ಮಾಸಿಲ್ಲ.

ಮಗಳ ಮನೆ ಇಪ್ಪತ್ತನಾಲ್ಕನೆಯ ಅಂತಸ್ತಿನಲ್ಲಿತ್ತು. ಬೆಳಿಗ್ಗೆ ಎಂಟು ಗಂಟೆಗೆ ಮಗಳೂ ಅಳಿಯನೂ ಕಚೇರಿಗೆ ಹೊರಟರೆ ಮರಳುತ್ತಿದ್ದುದು ರಾತ್ರಿಯೇ. ಮೊಮ್ಮಗು ಶಾಲೆಗೆ ಹೋಗುತ್ತಿತ್ತು. ಮೂವತ್ತೆಂಟು ವರ್ಷ ಮಕ್ಕಳ ಗದ್ದಲದ ನಡುವೆ ಬದುಕಿದ ನನಗೆ ಆ ಮನೆಯ ಮೌನ ಎರಡನೆಯ ದಿನಕ್ಕೇ ಭಾರವಾಯಿತು. ಮಾತನಾಡಲು ಮನೆಯಲ್ಲಿದ್ದವಳು ಫಿಲಿಪ್ಪೀನ್ಸ್ ದೇಶದಿಂದ ಬಂದಿದ್ದ ಕೆಲಸದವಳೊಬ್ಬಳು. ಸುಮಾರು ನಲವತ್ತೈದು ವಯಸ್ಸಿನ ಆಕೆ ನಾಲ್ಕು ವರ್ಷಗಳಲ್ಲಿ ಚಪಾತಿ ಲಟ್ಟಿಸುವುದನ್ನೂ ಸಾರಿಗೆ ಒಗ್ಗರಣೆ ಕೊಡುವುದನ್ನೂ ಕಲಿತಿದ್ದಳು. ನನ್ನನ್ನು ‘ಸರ್’ ಎಂದು ಕರೆಯುತ್ತಿದ್ದಳು. ಅದು ಆ ದೇಶದವರ ರೂಢಿ. ಆದರೆ ನಿವೃತ್ತ ಉಪಾಧ್ಯಾಯನ ಕಿವಿಗೆ ಅದು ಹಿತವಾಗಿಯೇ ಇತ್ತು.

ಮೊದಲನೆಯ ಭಾನುವಾರ ಬೆಳಿಗ್ಗೆ ಏಳಕ್ಕೆ ಮುಂಚೆಯೇ ಆಕೆ ಒಳ್ಳೆಯ ಉಡುಪು ಧರಿಸಿ, ಎರಡು ಚೀಲ ಹೊತ್ತು ಹೊರಟುಹೋದಳು. ಆಕೆ ಎಲ್ಲಿಗೆ ಹೋದಳೆಂದು ನಾನು ಕೇಳಲಿಲ್ಲ. ಅಂದು ಮಧ್ಯಾಹ್ನ ಮಗಳು ನನ್ನನ್ನು ಕನ್ನಡಿಗರ ಕೂಟಕ್ಕೆ ಕರೆದೊಯ್ದಳು. ಪರಿಚಿತ ಕುಟುಂಬದವರು ತಮ್ಮ ಕಟ್ಟಡದ ಸಭಾಂಗಣವನ್ನು ಮೂರು ಗಂಟೆಗಳ ಅವಧಿಗೆ ಬಾಡಿಗೆ ಹಿಡಿದಿದ್ದರು. ಬಿಸಿಬೇಳೆ ಭಾತು, ಮೊಸರನ್ನ, ಚಿರೋಟಿ ಎಲ್ಲವೂ ಇದ್ದವು. ಹಾಸನದವರು ಹಾಸನದವರನ್ನೂ ಧಾರವಾಡದವರು ಧಾರವಾಡದವರನ್ನೂ ಹುಡುಕಿಕೊಂಡು ಕುಳಿತರು. ನನಗೂ ಸಂತೋಷವಾಯಿತು. ಆದರೆ ಮೂರು ಗಂಟೆಯಾಗುತ್ತಲೇ ಕಾವಲುಗಾರನು ಬಾಗಿಲಲ್ಲಿ ಬಂದು ನಿಂತನು. ಎಲ್ಲರೂ ಪಾತ್ರೆಗಳನ್ನು ಎತ್ತಿಕೊಂಡು, ‘ಮತ್ತೆ ಯುಗಾದಿಗೆ ಸೇರೋಣ’ ಎಂದು ಹೇಳಿ ತಮ್ಮ ತಮ್ಮ ಮನೆಗಳಿಗೆ ತೆರಳಿದರು. ತೆರಳಲು ಅವರಿಗೆ ಮನೆಗಳಿದ್ದವು. ಈ ಮಾತಿನ ಅರ್ಥ ಆಗ ನನಗೆ ಹೊಳೆದಿರಲಿಲ್ಲ.

ಅದು ಹೊಳೆದುದು ಆ ವಾರದ ಮಧ್ಯದಲ್ಲಿ. ಕನ್ನಡಕದ ಪೆಟ್ಟಿಗೆಯನ್ನು ಹುಡುಕುತ್ತ ಅಡುಗೆಮನೆಯ ಪಕ್ಕದ ಸಣ್ಣ ಬಾಗಿಲನ್ನು ತೆರೆದೆ. ಅದು ಉಗ್ರಾಣವಿರಬೇಕೆಂದು ನಾನು ತಿಳಿದಿದ್ದೆ. ಒಳಗೆ ಒಂದು ಕಿರಿದಾದ ಹಾಸಿಗೆ, ಅದರ ಮೇಲ್ಗಡೆ ಗೋಡೆಗೆ ಹಲಗೆ, ಹಲಗೆಯ ಮೇಲೆ ಎರಡು ಮಕ್ಕಳ ಭಾವಚಿತ್ರ. ಹಾಸಿಗೆಯನ್ನು ಬಿಟ್ಟರೆ ಕಾಲಿಡಲು ಒಂದು ಮೊಳ ಜಾಗ. ನಾನು ತಟ್ಟನೆ ಬಾಗಿಲು ಮುಚ್ಚಿದೆ. ಆ ಸಂಜೆ ಮಗಳನ್ನು ಕೇಳಿದಾಗ, ‘ಅಪ್ಪಾ, ಈ ಊರಿನಲ್ಲಿ ಎಷ್ಟೋ ಮನೆಗಳಲ್ಲಿ ಅದೂ ಇಲ್ಲ. ಕೆಲಸದವರು ಮಕ್ಕಳ ಕೋಣೆಯಲ್ಲಿಯೋ ನಡುಮನೆಯಲ್ಲಿಯೋ ಮಲಗುತ್ತಾರೆ’ ಎಂದಳು. ಅದು ನಿಜವಾದ ಮಾತು. ಆದರೂ ಆ ರಾತ್ರಿ ನನ್ನ ವಿಶಾಲವಾದ ಮಂಚದ ಮೇಲೆ ನನಗೆ ಬೇಗನೆ ನಿದ್ರೆ ಹತ್ತಲಿಲ್ಲ.

ಮರುದಿನ ಕಾಫಿ ಕುಡಿಯುವಾಗ ಆ ಮಕ್ಕಳ ವಿಚಾರ ಕೇಳಿದೆ. ಆಕೆ ಕೈಯೊರೆಸಿಕೊಂಡು ಎದುರಿಗೆ ನಿಂತು ಹೇಳಿದ ಮಾತುಗಳು ಇವು: ಮಕ್ಕಳು ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದಾರೆ, ಊರಿನ ಪ್ರಾಥಮಿಕ ಶಾಲೆಯಲ್ಲಿ ತಾನು ಒಂಬತ್ತು ವರ್ಷ ಉಪಾಧ್ಯಾಯಿನಿಯಾಗಿದ್ದೆ, ಆ ಸಂಬಳಕ್ಕಿಂತ ಇಲ್ಲಿಯ ಸಂಬಳ ಹೆಚ್ಚು. ಹಾಂಗ್‌ಕಾಂಗ್ ಸರ್ಕಾರವು ಇಂಥವರಿಗೆ ಗೊತ್ತುಪಡಿಸಿದ್ದ ಕನಿಷ್ಠ ಸಂಬಳ ಆ ವರ್ಷ ತಿಂಗಳಿಗೆ 4,520 ಹಾಂಗ್‌ಕಾಂಗ್ ಡಾಲರ್; ಎಂದರೆ ನಮ್ಮ ನಲವತ್ತು ಸಾವಿರ ರೂಪಾಯಿಗಳ ಆಸುಪಾಸು. ಉಪಾಧ್ಯಾಯಿನಿ ಎಂಬ ಮಾತನ್ನು ಕೇಳಿದ ಮೇಲೆ ನನಗೆ ಅವರನ್ನು ಮನಸ್ಸಿನಲ್ಲಿಯೂ ಏಕವಚನದಿಂದ ನೆನೆಯುವುದು ಸಾಧ್ಯವಾಗಲಿಲ್ಲ. ನಾವಿಬ್ಬರೂ ಆಡುತ್ತಿದ್ದ ಇಂಗ್ಲಿಷಿನಲ್ಲಿ ಈ ಭೇದವಿಲ್ಲ. ನಾನು ಆಲೋಚಿಸುವ ಕನ್ನಡದಲ್ಲಿ ಇದೆ.

‘ಭಾನುವಾರ ನೀವು ಎಲ್ಲಿಗೆ ಹೋಗುವಿರಿ?’ ಎಂದು ಕೇಳಿದೆ.

‘ಮನೆಗೆ, ಸರ್’ ಎಂದು ಅವರು ನಕ್ಕರು. ‘ನೋಡಬೇಕಾದರೆ ಬನ್ನಿ.’

ನೀವು ಏಷ್ಯಾ ಖಂಡದ ಭೂಪಟವನ್ನು ಬಿಡಿಸಿ ನೋಡಿದರೆ ಹಾಂಗ್‌ಕಾಂಗಿಗೂ ಫಿಲಿಪ್ಪೀನ್ಸಿನ ರಾಜಧಾನಿ ಮನಿಲಾ ನಗರಕ್ಕೂ ನಡುವೆ ದಕ್ಷಿಣ ಚೀನಾ ಸಮುದ್ರ ಮಾತ್ರ ಇರುವುದು ಕಾಣುತ್ತದೆ. ದೂರ ಸುಮಾರು 1,100 ಕಿಲೋಮೀಟರ್; ವಿಮಾನದಲ್ಲಿ ಎರಡು ಗಂಟೆಯ ಪ್ರಯಾಣ. 1974ರಲ್ಲಿ ಫಿಲಿಪ್ಪೀನ್ಸ್ ಸರ್ಕಾರವು ಹೊಸ ಕಾರ್ಮಿಕ ಶಾಸನವನ್ನು ತಂದು, ತನ್ನ ಜನರನ್ನು ಹೊರದೇಶಗಳ ಕೆಲಸಕ್ಕೆ ಕಳುಹಿಸುವುದನ್ನೇ ಒಂದು ನೀತಿಯನ್ನಾಗಿ ಮಾಡಿಕೊಂಡಿತು. ಅದೇ ಕಾಲಕ್ಕೆ ಹಾಂಗ್‌ಕಾಂಗಿನ ಗೃಹಿಣಿಯರು ಕಾರ್ಖಾನೆ, ಕಚೇರಿಗಳ ಕಡೆಗೆ ಹೊರಟಿದ್ದರು. ಮನೆಯನ್ನೂ ಮಕ್ಕಳನ್ನೂ ನೋಡಿಕೊಳ್ಳುವವರು ಬೇಕಾಗಿದ್ದರು. ಹೀಗೆ ಆರಂಭವಾದ ವಲಸೆ ಇಂದಿಗೂ ನಿಂತಿಲ್ಲ. ಇಂದು ಆ ನಗರದಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಮಂದಿ ಪರದೇಶದ ಮನೆಗೆಲಸದವರಿದ್ದಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಫಿಲಿಪ್ಪೀನ್ಸಿನವರು. ಉಳಿದವರಲ್ಲಿ ಬಹುಪಾಲು ಇಂಡೊನೇಷ್ಯದವರು. ಬಹುತೇಕ ಎಲ್ಲರೂ ಸ್ತ್ರೀಯರು.

ಇವರಿಗೆ ಅನ್ವಯಿಸುವ ನಿಬಂಧನೆಗಳಲ್ಲಿ ಎರಡನ್ನು ನೀವು ಗಮನಿಸಬೇಕು. ಮೊದಲನೆಯದು, ಕೆಲಸದವರು ಯಜಮಾನರ ಮನೆಯಲ್ಲಿಯೇ ವಾಸಿಸಬೇಕು. 2003ರಿಂದ ಇದು ಕಡ್ಡಾಯ. ಎರಡನೆಯದು, ಏಳು ದಿನಗಳಲ್ಲಿ ಒಂದು ಇಡೀ ದಿನದ ವಿರಾಮವನ್ನು ಅವರಿಗೆ ಕೊಡಲೇಬೇಕು. ವಿರಾಮವಿದೆ, ಆದರೆ ವಿರಮಿಸಲು ಸ್ಥಳವಿಲ್ಲ! ಯಜಮಾನರ ಮನೆಯಲ್ಲಿಯೇ ಉಳಿದರೆ ಆ ದಿನವೂ ಯಾರಾದರೂ ಒಂದು ಲೋಟ ನೀರು ಕೇಳದೆ ಇರುವುದಿಲ್ಲ. ಹೋಟೆಲಿಗೆ ಹೋಗಿ ಕುಳಿತರೆ ಊರಿಗೆ ಕಳುಹಿಸಬೇಕಾದ ಹಣ ಕರಗುತ್ತದೆ. ಆದ್ದರಿಂದ ಅವರು ಬೀದಿಗೆ ಬಂದರು.

ಎರಡನೆಯ ಭಾನುವಾರ ನಾನು ಅವರೊಡನೆ ಹೊರಟೆ. ಕೌಲೂನ್ ಕಡೆಯಿಂದ ಹಾಂಗ್‌ಕಾಂಗ್ ದ್ವೀಪಕ್ಕೆ ಕರೆದೊಯ್ಯುವ ಸ್ಟಾರ್ ಫೆರ್ರಿ ಎಂಬ ದೋಣಿಯಲ್ಲಿ ಹೋದೆವು. ಈ ದೋಣಿ ಸಂಚಾರವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಾರಂಭಿಸಿದವನು ದೋರಾಬ್ಜಿ ನವರೋಜಿ ಎಂಬ ನಮ್ಮ ದೇಶದ ಪಾರ್ಸಿ. ದಡದಿಂದ ಸ್ವಲ್ಪ ದೂರ ನಡೆದರೆ ಸೆಂಟ್ರಲ್ ಎಂಬ ಭಾಗ. ವಾರದ ದಿನಗಳಲ್ಲಿ ಅದು ಬ್ಯಾಂಕುಗಳ, ವಕೀಲರ, ದುಬಾರಿ ಅಂಗಡಿಗಳ ರಾಜ್ಯ. ಅಲ್ಲಿ ಸ್ಟ್ಯಾಚ್ಯೂ ಸ್ಕ್ವೇರ್, ಎಂದರೆ ಪ್ರತಿಮೆಗಳ ಚೌಕ, ಎಂಬ ಬಯಲಿದೆ. ಬ್ರಿಟಿಷರು ವಿಕ್ಟೋರಿಯಾ ರಾಣಿ ಮೊದಲಾದವರ ವಿಗ್ರಹಗಳನ್ನು ಅಲ್ಲಿ ನಿಲ್ಲಿಸಿದ್ದರು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಅವನ್ನು ಕಿತ್ತೊಯ್ದರು. ರಾಣಿಯ ವಿಗ್ರಹ ಯುದ್ಧದ ತರುವಾಯ ಮರಳಿ ಬಂದು ಬೇರೊಂದು ಉದ್ಯಾನವನ್ನು ಸೇರಿತು. ಚೌಕದಲ್ಲಿ ಈಗ ಉಳಿದಿರುವುದು ಬ್ಯಾಂಕಿನ ಒಬ್ಬ ಹಳೆಯ ಅಧಿಕಾರಿಯ ವಿಗ್ರಹವೊಂದೇ.

ಅಂದು ಆ ವಿಗ್ರಹದ ಬುಡದಿಂದ ಆರಂಭಿಸಿ ಕಣ್ಣು ಹಾಯುವವರೆಗೆ ಸ್ತ್ರೀಯರು ಕುಳಿತಿದ್ದರು. ನಮ್ಮ ಜಾತ್ರೆಗಳನ್ನು ಕಂಡವನು ನಾನು. ಆದರೆ ತೇರಿಲ್ಲದ, ದೇವರಿಲ್ಲದ, ಅಂಗಡಿಗಳಿಲ್ಲದ ಇಂಥ ಜಾತ್ರೆಯನ್ನು ಕಂಡಿರಲಿಲ್ಲ. ಪಕ್ಕದ ಚೇಟರ್ ರಸ್ತೆಯಲ್ಲಿ ಭಾನುವಾರ ವಾಹನಗಳು ಓಡುವುದಿಲ್ಲ. ರಸ್ತೆಯ ತುಂಬ ಜನ. ಹಾಂಗ್‌ಕಾಂಗ್ ಬ್ಯಾಂಕಿನ ಪ್ರಸಿದ್ಧ ಕಟ್ಟಡ 1985ರಲ್ಲಿ ಪೂರ್ಣಗೊಂಡದ್ದು. ಅದರ ಕೆಳ ಅಂತಸ್ತು ಗೋಡೆಗಳಿಲ್ಲದೆ, ಯಾರು ಬೇಕಾದರೂ ಹಾದುಹೋಗುವಂತೆ ತೆರೆದಿದೆ. ಕೋಟ್ಯಂತರ ಹಣದ ಲೆಕ್ಕ ನಡೆಯುವ ಆ ಮಾಳಿಗೆಗಳ ಕೆಳಗೆ, ತಣ್ಣನೆಯ ನೆಲದ ಮೇಲೆ, ನೂರಾರು ಸಂಸಾರಗಳು ಹೂಡಿದ್ದವು.

ಸಂಸಾರ ಎಂಬ ಮಾತನ್ನು ನಾನು ಅಲಂಕಾರಕ್ಕಾಗಿ ಬಳಸಿಲ್ಲ. ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ ನೆಲಕ್ಕೆ ಹಾಸಿ, ಸುತ್ತಲೂ ಮೊಳಕಾಲೆತ್ತರಕ್ಕೆ ರಟ್ಟನ್ನೇ ಗೋಡೆಯಂತೆ ನಿಲ್ಲಿಸಿದ್ದರು. ಒಳಗೆ ಹೋಗುವಾಗ ಪಾದರಕ್ಷೆಗಳನ್ನು ಹೊರಗೆ ಸಾಲಾಗಿ ಬಿಡುತ್ತಿದ್ದರು. ಬೀದಿಯಲ್ಲಿ ರಟ್ಟಿನ ಮೇಲೆ ಕುಳಿತವರು ಚಪ್ಪಲಿಯನ್ನು ಹೊರಗೆ ಬಿಡಬೇಕೆ? ಬಿಡಬೇಕು, ಏಕೆಂದರೆ ಅದು ಮನೆ. ಒಳಗೆ ಒಬ್ಬಳು ಇನ್ನೊಬ್ಬಳ ಕೂದಲು ಕತ್ತರಿಸುತ್ತಿದ್ದಳು. ಒಬ್ಬಳು ದೂರವಾಣಿಯ ಪರದೆಯಲ್ಲಿ ಮಗನಿಗೆ ಮಗ್ಗಿ ಹೇಳಿಕೊಡುತ್ತಿದ್ದಳು. ಕೆಲವರು ಇಸ್ಪೀಟು ಆಡುತ್ತಿದ್ದರು. ಕೆಲವರು ಹಾಡಿಗೆ ಹೆಜ್ಜೆ ಹಾಕುತ್ತಿದ್ದರು. ಒಬ್ಬಳು ಯಾವುದರ ಪರಿವೆಯೂ ಇಲ್ಲದೆ ಗಾಢವಾಗಿ ನಿದ್ರಿಸುತ್ತಿದ್ದಳು. ಇನ್ನೊಂದೆಡೆ ದೊಡ್ಡ ಪೆಟ್ಟಿಗೆಗಳಿಗೆ ಸಾಬೂನು, ಕಾಲುಚೀಲ, ಡಬ್ಬಿಯ ತಿನಿಸು, ಆಟಿಕೆಗಳನ್ನು ತುಂಬುತ್ತಿದ್ದರು. ಇವಕ್ಕೆ ‘ಬಾಲಿಕ್‌ಬಾಯನ್’ ಪೆಟ್ಟಿಗೆ ಎಂದು ಹೆಸರು. ಆ ಶಬ್ದಕ್ಕೆ ತಾಯ್ನಾಡಿಗೆ ಮರಳುವವನು ಎಂದರ್ಥ. ಮರಳಬೇಕಾದವರು ಮರಳಲಾಗದಿದ್ದಾಗ ಪೆಟ್ಟಿಗೆ ಮರಳುತ್ತದೆ.

ನಾನು ವಿಸ್ಮಯದಿಂದ ಕೇಳಿದೆ: ‘ಇಷ್ಟು ಜನರ ನಡುವೆ ನಿಮ್ಮವರನ್ನು ಹೇಗೆ ಹುಡುಕುವಿರಿ?’

‘ಹುಡುಕುವುದಿಲ್ಲ, ಸರ್. ನಮ್ಮ ಪ್ರಾಂತದವರು ಯಾವಾಗಲೂ ಈ ಕಂಬದ ಬಳಿಯೇ’ ಎಂದರು.

ಹೌದು, ಅಲ್ಲಿ ಬಂದಂತೆ ಕುಳಿತವರು ಯಾರೂ ಇರಲಿಲ್ಲ. ಒಂದು ಸೀಮೆಯವರಿಗೆ ಒಂದು ಮೂಲೆ, ಒಂದು ಊರಿನವರಿಗೆ ಒಂದು ಮೆಟ್ಟಿಲು. ಹೊಸದಾಗಿ ಬಂದ ಹುಡುಗಿಗೆ ವಿಳಾಸ ಬೇಕಿಲ್ಲ. ತನ್ನ ನುಡಿ ಯಾವ ಕಂಬದ ಬಳಿ ಕೇಳುತ್ತದೆಯೋ ಅಲ್ಲಿ ನಿಂತರೆ ಸಾಕು. ಯಾವ ಮನೆಯಲ್ಲಿ ಹೊಟ್ಟೆಗೆ ಸರಿಯಾಗಿ ಹಾಕುವುದಿಲ್ಲ, ಸಂಬಳ ತಡೆದರೆ ಯಾರ ಬಳಿ ದೂರು ಕೊಡಬೇಕು ಎಂಬುದೆಲ್ಲ ಅವಳಿಗೆ ತಿಳಿಯುವುದು ಇಲ್ಲಿಯೇ. ಈ ತಿಳಿವಳಿಕೆ ಹರಟೆಯಲ್ಲ. ಕೆಲಸ ತಪ್ಪಿದರೆ ಎರಡು ವಾರದೊಳಗೆ ಆ ದೇಶವನ್ನು ಬಿಡಬೇಕೆಂಬ ನಿಯಮ 1987ರಿಂದ ಇದೆ. ಇತರ ಪರದೇಶದವರು ಏಳು ವರ್ಷ ಅಲ್ಲಿ ನೆಲೆಸಿದರೆ ಶಾಶ್ವತ ವಾಸದ ಹಕ್ಕನ್ನು ಕೇಳಬಹುದು. ಮನೆಗೆಲಸದವರು ಎಷ್ಟು ವರ್ಷ ದುಡಿದರೂ ಕೇಳುವಂತಿಲ್ಲವೆಂದು 2013ರಲ್ಲಿ ಅಲ್ಲಿಯ ಅತ್ಯುನ್ನತ ನ್ಯಾಯಾಲಯ ತೀರ್ಪು ನೀಡಿತು. ನ್ಯಾಯಾಧೀಶರು ಕಾನೂನಿನ ಅಕ್ಷರವನ್ನು ಓದಿದರು. ಇಪ್ಪತ್ತು ವರ್ಷ ಇನ್ನೊಬ್ಬರ ಮಕ್ಕಳನ್ನು ಬೆಳೆಸಿದವಳು ಆ ಊರಿನವಳಲ್ಲವೆಂಬುದು ನನಗೆ ಒಪ್ಪಿಗೆಯಾಗದ ಮಾತು.

ಈ ಬೀದಿಯೂ ಅವರಿಗೆ ಜಗಳವಿಲ್ಲದೆ ಉಳಿದದ್ದಲ್ಲ. ಚೇಟರ್ ರಸ್ತೆಯನ್ನು 1982ರಲ್ಲಿ ಭಾನುವಾರ ವಾಹನಗಳಿಗೆ ಮುಚ್ಚಿದುದು ಕೊಳ್ಳುವ ಗಿರಾಕಿಗಳು ನೆಮ್ಮದಿಯಾಗಿ ತಿರುಗಾಡಲಿ ಎಂದು. ಬಂದು ಕುಳಿತವರು ಕೊಳ್ಳದ ಜನ! ಹತ್ತು ವರ್ಷಗಳ ತರುವಾಯ, 1992ರಲ್ಲಿ, ಸುತ್ತಲಿನ ಅಂಗಡಿಗಳವರು ರಸ್ತೆಯನ್ನು ಮತ್ತೆ ವಾಹನಗಳಿಗೆ ತೆರೆಯಬೇಕೆಂದು ಕೇಳಿದರು. ಇವರನ್ನು ನೆಲದಡಿಯ ಮೋಟಾರು ನಿಲ್ದಾಣಗಳಿಗೆ ಕಳುಹಿಸಬಹುದೆಂಬ ಸಲಹೆಯೂ ಬಂದಿತು. ಪತ್ರಿಕೆಗಳಲ್ಲಿ ವಾದ ವಿವಾದ ನಡೆಯಿತು. ಕೊನೆಗೆ ರಸ್ತೆ ಅವರಿಗೇ ಉಳಿಯಿತು.

ಆ ನಗರದೊಡನೆ ಇವರ ನಂಟು ಹಳೆಯದು ಎಂಬುದನ್ನು ಅಂಗಡಿಗಳವರು ಬಹುಶಃ ಅರಿಯರು. ಫಿಲಿಪ್ಪೀನ್ಸಿನ ರಾಷ್ಟ್ರನಾಯಕ ಹೊಸೆ ರಿಸಾಲ್ 1891-92ರಲ್ಲಿ ಹಾಂಗ್‌ಕಾಂಗಿನಲ್ಲಿ ಕಣ್ಣಿನ ವೈದ್ಯನಾಗಿದ್ದನು. 1898ರಲ್ಲಿ ಆ ದೇಶದ ಮೊದಲ ಧ್ವಜವನ್ನು ಹೊಲಿದುದೂ ಅಲ್ಲಿಯೇ. ಗಡಿಪಾರಾಗಿ ಬಂದು ನೆಲೆಸಿದ್ದವರ ಮನೆಯಲ್ಲಿ ಮಾರ್ಸೆಲಾ ಅಗೊನ್ಸಿಲ್ಯೊ ಎಂಬ ತಾಯಿ ತನ್ನ ಎಳೆಯ ಮಗಳನ್ನೂ ರಿಸಾಲನ ಸೋದರಿಯ ಮಗಳನ್ನೂ ಜೊತೆಗಿರಿಸಿಕೊಂಡು ಅದನ್ನು ಹೊಲಿದಳು.

ಮಧ್ಯಾಹ್ನ ಊಟಕ್ಕೆ ಕರೆದರು. ಅವರ ಡಬ್ಬಿಗಳಲ್ಲಿದ್ದುದು ಮಾಂಸದ ಅಡುಗೆ. ನನಗೆಂದು ಉಪಾಧ್ಯಾಯಿನಿ ಬೇರೆ ಡಬ್ಬಿಯಲ್ಲಿ ಚಪಾತಿ ತಂದಿದ್ದರು. ಊಟವಾದ ಮೇಲೆ ಅವರ ಸುತ್ತ ಆರೇಳು ಕಿರಿಯ ಹುಡುಗಿಯರು ಬಂದು ಕುಳಿತರು. ಅವರು ರಟ್ಟಿನ ಒಂದು ಗೋಡೆಯನ್ನೇ ಹಲಗೆಯನ್ನಾಗಿ ಮಾಡಿಕೊಂಡು ಆ ಊರಿನ ನುಡಿಯಾದ ಕ್ಯಾಂಟನೀಸ್ ಭಾಷೆಯ ಪಾಠ ಆರಂಭಿಸಿದರು. ಆ ಭಾಷೆಯಲ್ಲಿ ದನಿಯ ಏರಿಳಿತದಿಂದ ಅರ್ಥ ಬದಲಾಗುತ್ತದೆ. ‘ಯೂ’ ಎಂಬ ಒಂದೇ ಶಬ್ದ ದನಿ ಇಳಿದರೆ ಮೀನು, ಏರಿದರೆ ಮಳೆ. ಒಬ್ಬ ಹುಡುಗಿ ತಪ್ಪು ದನಿಯಲ್ಲಿ ಹೇಳಿ, ಅಜ್ಜಿಗೆ ಮಳೆಯನ್ನು ಹುರಿದುಕೊಡುವೆನೆಂದಾಗ ಎಲ್ಲರೂ ನಕ್ಕರು. ಉಪಾಧ್ಯಾಯಿನಿ ನಗಲಿಲ್ಲ, ಬೆರಳಿನಿಂದ ಗಾಳಿಯಲ್ಲಿ ಗೆರೆಯನ್ನು ಕೆಳಗಿಳಿಸಿ ತೋರಿಸಿ, ‘ಇನ್ನೊಮ್ಮೆ’ ಎಂದರು. ಆ ದನಿಯನ್ನು ನಾನು ಬಲ್ಲೆ. ಮೂವತ್ತೆಂಟು ವರ್ಷ ಅದೇ ದನಿಯಲ್ಲಿ ನಾನೂ ‘ಇನ್ನೊಮ್ಮೆ’ ಎಂದವನು.

ಪಾಠದ ಕೊನೆಯಲ್ಲಿ ಹುಡುಗಿಯರು ನನ್ನ ಕೈಗೆ ಲೇಖನಿ ಕೊಟ್ಟು, ನಿಮ್ಮ ಲಿಪಿಯಲ್ಲಿ ನಮ್ಮ ಹೆಸರು ಬರೆಯಿರಿ ಎಂದರು. ನಾನು ರಟ್ಟಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಏಳು ಹೆಸರುಗಳನ್ನು ಕನ್ನಡದಲ್ಲಿ ಬರೆದೆ. ಅಕ್ಷರಗಳು ಗುಂಡಾಗಿವೆ ಎಂದು ಅವರು ಮೆಚ್ಚಿದರು.

ಸಂಜೆ ದೀಪ ಹತ್ತುವ ವೇಳೆಗೆ ಮನೆಗಳು ಒಂದೊಂದಾಗಿ ಮಡಚಿಕೊಂಡವು. ಕಸವನ್ನು ಚೀಲಗಳಿಗೆ ತುಂಬಿದರು; ನೆಲವನ್ನು ಒರೆಸಿದರು. ರದ್ದಿ ರಟ್ಟನ್ನು ಆಯ್ದು ಮಾರಿ ಬದುಕುವ ಚೀನೀ ಮುದುಕಿಯೊಬ್ಬಳು ಕೈಗಾಡಿಯನ್ನು ತಳ್ಳಿಕೊಂಡು ಬಂದಳು. ನಮ್ಮ ಉಪಾಧ್ಯಾಯಿನಿ ಕ್ಯಾಂಟನೀಸಿನಲ್ಲಿ ಅವಳ ಆರೋಗ್ಯವನ್ನು ವಿಚಾರಿಸಿ, ರಟ್ಟನ್ನೆಲ್ಲ ಜೋಡಿಸಿ ಗಾಡಿಗೆ ಏರಿಸಿದರು. ಎಲ್ಲಕ್ಕೂ ಮೇಲೆ ನಾನು ಬರೆದ ಹಾಳೆಯಿತ್ತು. ಮುದುಕಿ ಅದನ್ನು ಒಂದು ಕ್ಷಣ ನೋಡಿ, ಹಗ್ಗ ಬಿಗಿದು ಗಾಡಿಯನ್ನು ತಳ್ಳಿದಳು. ಬ್ಯಾಂಕಿನ ದೀಪಗಳ ಬೆಳಕಿನಲ್ಲಿ ಆ ಏಳು ಹೆಸರುಗಳು ರಸ್ತೆಯ ತಿರುವಿನವರೆಗೂ ಕಾಣುತ್ತಿದ್ದವು. ನಾವು ದೋಣಿಯ ಕಡೆಗೆ ನಡೆದೆವು. ಮರುದಿನ ಬೆಳಿಗ್ಗೆ ಆರು ಗಂಟೆಗೆ ಮೊಮ್ಮಗುವಿನ ಊಟದ ಡಬ್ಬಿ ಸಿದ್ಧವಾಗಬೇಕಾಗಿತ್ತು.