ಬಡ್ಡಿ ಕೇಳದವರ ಬಾಕಿ

2020ರ ಅಕ್ಟೋಬರ್ 23ರಂದು ಕೇಂದ್ರ ಸರ್ಕಾರ ಸಾಲಗಾರರಿಗೆ ಒಂದು ಉಪಕಾರ ಪ್ರಕಟಿಸಿತು. ಆ ವರ್ಷದ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ, ಎರಡು ಕೋಟಿ ರೂಪಾಯಿ ಒಳಗಿನ ಸಾಲಗಳ ಚಕ್ರಬಡ್ಡಿಗೂ ಸರಳ ಬಡ್ಡಿಗೂ ಇರುವ ವ್ಯತ್ಯಾಸವನ್ನು ತಾನೇ ತುಂಬಿಕೊಡುತ್ತೇನೆ ಎಂದಿತು. ಲೆಕ್ಕ ಹಾಕೋಣ. ಹತ್ತು ಲಕ್ಷ ಬಾಕಿ, ಶೇ 9 ಬಡ್ಡಿ. ಆರು ತಿಂಗಳ ಸರಳ ಬಡ್ಡಿ 45,000 ರೂಪಾಯಿ. ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತಾ ಹೋದರೆ 45,852. ಉಪಕಾರದ ಮೊತ್ತ 852 ರೂಪಾಯಿ. ಅದಕ್ಕೂ ಮುಂಚೆ, ಮಾರ್ಚ್ 27ರಂದು, ರಿಸರ್ವ್ ಬ್ಯಾಂಕ್ ಕಂತು ಮುಂದೂಡಲು ಅವಕಾಶ ಕೊಟ್ಟಿತ್ತು. ಕಂತು ನಿಂತಿತು, ಬಡ್ಡಿ ಓಡುತ್ತಲೇ ಇತ್ತು.

ಅದೇ ವರ್ಷ ಗರುಡಾಚಾರ್‌ಪಾಳ್ಯದ ನಮ್ಮ ಓನರಮ್ಮ ಮಾಡಿದ ಲೆಕ್ಕವೇ ಬೇರೆ.

ಆಗ ನಾನು ಮಹದೇವಪುರದ ಸಣ್ಣ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಏಪ್ರಿಲ್‌ನಲ್ಲಿ ಅರ್ಧ ಸಂಬಳ ಬಂತು, ಮೇ ತಿಂಗಳಲ್ಲಿ ಅದೂ ಇಲ್ಲ. ಬಾಡಿಗೆ 9,000. ಬೆಂಗಳೂರಿನ ಪದ್ಧತಿಯಂತೆ ಹತ್ತು ತಿಂಗಳ ಬಾಡಿಗೆ, 90,000 ರೂಪಾಯಿ, ಅಡ್ವಾನ್ಸ್ ಆಗಿ ಅವರ ಹತ್ತಿರವೇ ಇತ್ತು. ‘ಅದರಲ್ಲೇ ಹಿಡ್ಕೊಳ್ಳಿ ಅಮ್ಮ’ ಅಂದೆ. ಅವರು ಒಪ್ಪಲಿಲ್ಲ. ‘ಅಡ್ವಾನ್ಸ್ ಮುಟ್ಟೋದ್ ಬ್ಯಾಡ. ನಾಳೆ ಮನೆ ಖಾಲಿ ಮಾಡೋ ದಿನ ಬಂದ್ರೆ ಕೈಲೇನಿರ್ತದೆ? ಬಾಡ್ಗೆ ಎಲ್ಲಿಗೋಯ್ತದಪ್ಪ, ಆದಾಗ ಕೊಡು.’

ಗಂಡ ತೀರಿಕೊಂಡ ಮೇಲೆ ನಾಲ್ಕು ಮನೆಗಳ ಬಾಡಿಗೆಯೇ ಅವರ ಜೀವನಾಧಾರ. ನನ್ನದೊಂದೇ ಅಲ್ಲ, ಇನ್ನೂ ಒಂದು ಮನೆಯ ಬಾಡಿಗೆ ನಿಂತಿತ್ತು. ಮೂರು ತಿಂಗಳಿಗೆ ನನ್ನ ಬಾಕಿ 27,000 ಆಯಿತು. ನಮ್ಮ ಬೀದಿಯಲ್ಲಿ ಕೈಸಾಲದ ದರ ನೂರಕ್ಕೆ ಮೂರು, ಅದೂ ತಿಂಗಳಿಗೆ. ಆ ದರದಲ್ಲಿ ಈ ಬಾಕಿಯ ಬಡ್ಡಿ ತಿಂಗಳಿಗೆ 810 ರೂಪಾಯಿ. ಸರ್ಕಾರ ಹತ್ತು ಲಕ್ಷದ ಸಾಲಗಾರನಿಗೆ ಆರು ತಿಂಗಳಿಗೆ ಒಟ್ಟಾಗಿ ಕೊಟ್ಟದ್ದನ್ನು ಹೆಚ್ಚುಕಮ್ಮಿ ಪ್ರತಿ ತಿಂಗಳೂ ಬಿಟ್ಟುಕೊಟ್ಟವರು ಈ ಹೆಂಗಸು. ಅಡ್ವಾನ್ಸ್ ಬಗ್ಗೆ ಅವರು ಆಡಿದ ಮಾತಂತೂ ಯಾವ ಹಣಕಾಸು ಸಲಹೆಗಾರನೂ ಮೆಚ್ಚುವಂಥದ್ದು. ನಮ್ಮಂಥ ಬಾಡಿಗೆದಾರರ ದೊಡ್ಡ ಉಳಿತಾಯ ಸಾಮಾನ್ಯವಾಗಿ ಓನರ್ ಕೈಯಲ್ಲೇ ಇರುತ್ತದೆ. ಬಡ್ಡಿ ಹುಟ್ಟದಿದ್ದರೂ ಆಪತ್ತಿಗೆ ಅದೇ ಗತಿ.

ಬೀದಿಯ ಕಿರಾಣಿ ಅಂಗಡಿಯವರೂ ಹಾಗೆಯೇ. ಉದ್ದರಿ ಬರೆಸಿದರೂ ನಗದಿನ ಬೆಲೆಯನ್ನೇ ಹಾಕಿದರು. ಪಿಗ್ಮಿ ಕಟ್ಟಿಸಿಕೊಳ್ಳಲು ಬರುತ್ತಿದ್ದವರು ‘ಅವಧಿಗೆ ಮುಂಚೆ ಮುರಿಸಬೇಡಿ ಸಾರ್, ಅದರ ಮೇಲೇ ಸಾಲ ತಗೊಳ್ಳಿ’ ಎಂದು ಹೇಳಿ ನನ್ನ ಬಡ್ಡಿ ಉಳಿಸಿದರು. (ಈ ಪಿಗ್ಮಿ ನಮ್ಮ ಕರಾವಳಿಯ ಕೊಡುಗೆ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಮನೆಗೆ ಹೋಗಿ ಕಟ್ಟಿಸಿಕೊಳ್ಳಲು ಶುರುಮಾಡಿದ್ದು.)

ಆದರೆ ನನ್ನನ್ನು ನಿಜಕ್ಕೂ ಕಕ್ಕಾಬಿಕ್ಕಿ ಮಾಡಿದ್ದು ಪಕ್ಕದ ಮನೆಯ ಅಕ್ಕ. ಅಮ್ಮನ ಆಪರೇಷನ್‌ಗೆ ಮುಂಗಡ ಕಟ್ಟಬೇಕಿತ್ತು. ವಿಷಯ ಗೊತ್ತಾದದ್ದೇ ತಡ, ಆಕೆ ಕೈಯಲ್ಲಿದ್ದ ಎರಡು ಬಳೆ ಬಿಚ್ಚಿ ನನ್ನ ಹೆಂಡತಿಗೆ ಕೊಟ್ಟು ‘ಇಟ್ಟು ತಗೊಳ್ಳಿ, ಆಮೇಲೆ ಬಿಡಿಸಿಕೊಡಿ’ ಅಂದರು. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಂಗಸಿಗೆ ಎರಡು ಬಳೆ ಎಂದರೆ ಏನೆಂದು ವಿವರಿಸಬೇಕಿಲ್ಲ. ನನ್ನ ಹೆಂಡತಿ ಬಳೆಗಳನ್ನು ಒಬ್ಬಳೇ ಒಯ್ಯಲು ಒಪ್ಪದೆ, ಆಕೆಯನ್ನೂ ಬ್ಯಾಂಕಿಗೆ ಕರೆದುಕೊಂಡು ಹೋಗಿ ಆಕೆಯ ಹೆಸರಿನಲ್ಲೇ ಅಡ ಇಡಿಸಿದಳು. ರಸೀದಿಯೂ ಆಕೆಯದ್ದೇ. ಬಡ್ಡಿ ತುಂಬಿದ್ದು ನಾವು.

ಇದು ಬರೀ ಸೌಜನ್ಯವಲ್ಲ. ಚಿನ್ನದ ಸಾಲ ಕೊಡುವಾಗ ಬ್ಯಾಂಕು ‘ಒಡವೆ ನನ್ನದೇ’ ಎಂದು ಬರೆಸಿಕೊಳ್ಳುತ್ತದೆ. ಇನ್ನೊಬ್ಬರ ಬಳೆ ಇಟ್ಟು ಆ ಕಾಗದಕ್ಕೆ ಸಹಿ ಹಾಕಿದರೆ ಅದು ಸುಳ್ಳಾಗುತ್ತದೆ. ಸಾಲ ಕಟ್ಟದೆ ಹರಾಜಿನ ನೋಟಿಸ್ ಬಂದರೆ ಅದು ಬರುವುದು ಸಾಲಗಾರನ ಮನೆಗೆ. ಬಳೆಯ ನಿಜವಾದ ಒಡತಿಗೆ ತಿಳಿಯುವುದು ಎಲ್ಲ ಮುಗಿದ ಮೇಲೆ. ಅದೇ ವರ್ಷ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್, ಬ್ಯಾಂಕುಗಳು ಒಡವೆಯ ಬೆಲೆಯ ಮೇಲೆ ಕೊಡಬಹುದಾದ ಸಾಲದ ಮಿತಿಯನ್ನು ಶೇ 75ರಿಂದ 90ಕ್ಕೆ ತಾತ್ಕಾಲಿಕವಾಗಿ ಏರಿಸಿತು. ಎದುರಿಗೆ ಕೂತ ಅಧಿಕಾರಿ ‘ಇನ್ನೂ ಸ್ವಲ್ಪ ಸಿಗುತ್ತೆ’ ಅಂದಾಗ ಬೇಡವೆಂದೆವು. ಬೇರೆಯವರ ಬಳೆಯ ಮೇಲೆ ಅಗತ್ಯಕ್ಕಿಂತ ಒಂದು ರೂಪಾಯಿ ಹೆಚ್ಚು ತೆಗೆಯುವುದೂ ನನ್ನ ಪ್ರಕಾರ ಅನ್ಯಾಯ.

ಇವರಲ್ಲಿ ಯಾರೂ ಚೀಟಿ ಕೇಳಲಿಲ್ಲ. ಕೇಳುವುದೂ ಇಲ್ಲ. ಕೇಳಿದರೆ ನಂಬಿಕೆ ಇಲ್ಲವೆಂದು ತಿಳಿದಾರು ಎಂಬ ಸಂಕೋಚ. ಹಾಗಾಗಿ ಕಾಗದದ ಕೆಲಸ ತೆಗೆದುಕೊಂಡವನದು, ಕೊಟ್ಟವರದಲ್ಲ. ಬಾಂಡ್ ಪೇಪರ್ ತಂದು ಉಪಕಾರ ಮಾಡಿದವರಿಂದ ಸಹಿ ಹಾಕಿಸಿ ಎಂದಲ್ಲ. ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ‘2020ರ ಏಪ್ರಿಲ್, ಮೇ, ಜೂನ್ ಬಾಡಿಗೆ 27,000 ರೂಪಾಯಿ ಕೊಡುವುದು ಬಾಕಿ’ ಎಂದು ಬರೆದು, ತಾರೀಕು ಹಾಕಿ, ಸಹಿ ಮಾಡಿ ಓನರಮ್ಮನ ಕೈಗಿಟ್ಟೆ. ಅವರು ನಕ್ಕು ದೇವರ ಫೋಟೊ ಹಿಂದೆ ಸಿಕ್ಕಿಸಿದರು. ನಾನು ಕಂತಿನಲ್ಲಿ ತೀರಿಸುತ್ತಿರುವಾಗ ಮನೆಯ ವ್ಯವಹಾರ ಮಗನ ಕೈಗೆ ಹೋಯಿತು. ಆತ ಒಂದು ಪ್ರಶ್ನೆ ಕೇಳಲಿಲ್ಲ. ಹಾಳೆಯೇ ಹೇಳುತ್ತಿತ್ತು. ಬಾಯಿಮಾತಿನ ಲೆಕ್ಕ ತಾಯಿಯಿಂದ ಮಗನಿಗೆ ದಾಟುವಾಗ ಎಷ್ಟು ಮನೆಗಳಲ್ಲಿ ಜಗಳವಾಗಿದೆ ಎಂದು ನಿಮಗೂ ಗೊತ್ತು.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಆದಾಯ ತೆರಿಗೆ ಕಾನೂನಿನ ಪ್ರಕಾರ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ, ನಗದಾಗಿ ತೀರಿಸುವಂತೆಯೂ ಇಲ್ಲ. ತಪ್ಪಿದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ‘ವಾಪಸ್ ಬೇಡ, ಇಟ್ಕೊ’ ಎಂದು ಹಿತೈಷಿಗಳು ಕೊಟ್ಟ ಹಣಕ್ಕೂ ಮಿತಿಯಿದೆ. ಬಂಧುಗಳಲ್ಲದವರಿಂದ ಒಂದು ವರ್ಷದಲ್ಲಿ ಬಂದ ಉಡುಗೊರೆ 50,000 ದಾಟಿದರೆ ಪೂರ್ತಿ ಮೊತ್ತ ನಿಮ್ಮ ಆದಾಯವೆಂದು ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಹಣ ಬ್ಯಾಂಕ್ ಖಾತೆಯ ಮೂಲಕವೇ ಬರಲಿ, ಹೋಗಲಿ. ಫೋನಿನಲ್ಲಿ ಕಳಿಸುವಾಗ ‘ಕೈಸಾಲ ವಾಪಸ್’ ಎಂದು ಎರಡು ಪದ ಟೈಪ್ ಮಾಡಿದರೆ ಸಾಕು.

2023ರ ಮಾರ್ಚ್ 25ರಂದು ವೈಟ್‌ಫೀಲ್ಡ್–ಕೆ.ಆರ್. ಪುರ ಮೆಟ್ರೊ ಶುರುವಾಗಿ ನಮ್ಮ ಪಾಳ್ಯಕ್ಕೂ ಒಂದು ನಿಲ್ದಾಣ ಬಂತು. ಅಕ್ಟೋಬರ್ 9ಕ್ಕೆ ಅದು ಬೈಯಪ್ಪನಹಳ್ಳಿಗೂ ಕೂಡಿಕೊಂಡಿತು. ಹಳೆಯ ವಠಾರಗಳಿದ್ದ ಕಡೆ ಪಿಜಿಗಳು ಎದ್ದವು, ಬಾಡಿಗೆಯೂ ಏರಿತು. ಈಗ ನಾನು ನೋಡುವ ಬಾಡಿಗೆ ಕರಾರುಗಳಲ್ಲಿ ಐದನೇ ತಾರೀಕು ದಾಟಿದರೆ ದಿನಕ್ಕಿಷ್ಟು ದಂಡ ಎಂಬ ಸಾಲು ಇರುತ್ತದೆ. ಬರೆದ ಕರಾರನ್ನು ನಾನು ದೂರುವುದಿಲ್ಲ. ಆದರೆ ‘ಆದಾಗ ಕೊಡು’ ಎನ್ನಲು ಅದರಲ್ಲಿ ಜಾಗವಿಲ್ಲ.

ನಿಮಗೂ ಹೀಗೆ ಯಾರಾದರೂ ಕೊಟ್ಟದ್ದಿದ್ದು ಇನ್ನೂ ತೀರಿಸಿಲ್ಲವಾದರೆ ತಾರೀಕು ನೋಡಿಕೊಳ್ಳಿ. ಗಡುವು ಹೇಳದೆ ಕೊಟ್ಟ ಕೈಸಾಲ ಮೂರು ವರ್ಷ ದಾಟಿದರೆ ಅವರು ಕೋರ್ಟಿಗೆ ಹೋದರೂ ವಸೂಲಾಗುವುದಿಲ್ಲ. ಮೂರು ವರ್ಷದೊಳಗೆ ‘ಬಾಕಿ ಇದೆ’ ಎಂದು ನೀವು ಬರೆದು ಸಹಿ ಮಾಡಿಕೊಟ್ಟರೆ ಅಂದಿನಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ದಾಟಿಹೋಗಿದ್ದರೂ ದಾರಿಯಿದೆ. ಹಳೆಯ ಸಾಲ ತೀರಿಸುತ್ತೇನೆಂದು ನೀವು ಸಹಿ ಹಾಕಿ ಬರೆದುಕೊಟ್ಟ ಮಾತು, 1872ರ ಭಾರತೀಯ ಕರಾರು ಕಾಯ್ದೆಯ 25ನೇ ಕಲಮಿನ ಪ್ರಕಾರ ಇವತ್ತಿಗೂ ಊರ್ಜಿತ.